‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಹುದೇ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಆಪ್ತಸಮಾಲೋಚಕಿ. 15 ವರ್ಷದ ಹುಡುಗಿಯೊಬ್ಬಳು ಮೊದಲು ‘ಯಾರಿಗೂ ಹೇಳಬಾರದು’ ಎಂದು ಮಾತು ತೆಗೆದುಕೊಂಡು, ಆಮೇಲೆ ಸಂಬಂಧಿಕನೊಬ್ಬ ಲೈಂಗಿಕ ದೌರ್ಜನ್ಯ ಮಾಡಿದ್ದನ್ನು ಹೇಳಿಕೊಂಡಳು. ಈಗೇನು ಮಾಡಲಿ?
– ಓದುಗರು, ಹಾಸನ

ಉತ್ತರ: ಆ ಮಾತನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, 18 ತುಂಬದವರ ಮೇಲೆ ಇಂಥದ್ದು ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಆಪ್ತಸಮಾಲೋಚಕರಿಗೂ ವಿನಾಯಿತಿಯಿಲ್ಲ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಮುಖ್ಯೋಪಾಧ್ಯಾಯರ ಕಿವಿಗೆ ಹಾಕಿದ ಮಾತ್ರಕ್ಕೆ ನಿಮ್ಮ ಹೊಣೆ ತೀರದು. ಮನೆತನದ ಮರ್ಯಾದೆ ಎಂದು ಶಾಲೆಯಲ್ಲೇ ರಾಜಿ ಪಂಚಾಯ್ತಿ ಮಾಡುವುದಂತೂ ಬೇಡವೇ ಬೇಡ.

ಹಾಗಂತ ಅವಳಿಗೆ ಗೊತ್ತಿಲ್ಲದಂತೆ ಫೋನ್ ಮಾಡಬೇಡಿ. ಮೊದಲು ಅವಳಿಗೇ ಹೇಳಿ, ಮಾತು ಕೊಟ್ಟಿದ್ದು ತಪ್ಪಾಯಿತೆಂದು ಒಪ್ಪಿಕೊಳ್ಳಿ. ತಿಳಿಸಬೇಕೋ ಬೇಡವೋ ಎನ್ನುವುದು ಅವಳ ಕೈಯಲ್ಲಿಲ್ಲ. ಹೇಗೆ ಎನ್ನುವುದರಲ್ಲಿ ಅವಳ ಮಾತು ನಡೆಯಬೇಕು. ಹೇಳಿಕೆಯನ್ನು ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರಬೇಕು, ಸಮವಸ್ತ್ರ ಇರಬಾರದು ಎನ್ನುತ್ತದೆ 24ನೇ ಕಲಂ. ಜೊತೆಗೆ ಯಾರು ಕೂರಬೇಕೆಂದು ಅವಳನ್ನೇ ಕೇಳಿ. ಆರೋಪಿ ಅದೇ ಮನೆಯಲ್ಲಿದ್ದರೆ ಅದನ್ನು ಪೊಲೀಸರಿಗೂ ಮಕ್ಕಳ ಸಹಾಯವಾಣಿ 1098ಕ್ಕೂ ಮೊದಲೇ ಹೇಳಿ. ಸುದ್ದಿ ಮನೆಗೆ ಮುಟ್ಟಿದಾಗಲೇ ಬೆದರಿಕೆ ಶುರುವಾಗುವುದು.

ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ, ದಿನಾಂಕ, ಸಮಯ ಹಾಕಿ ಬರೆದಿಡಿ. ‘ಅವನು ಇಲ್ಲಿ ಮುಟ್ಟಿದನಾ?’ ಎಂದು ಉತ್ತರ ಬಾಯಿಗಿಡುವ ಪ್ರಶ್ನೆ ಬೇಡ. ಹೇಳಿಕೊಟ್ಟು ಹೇಳಿಸಿದ್ದೆಂಬ ವಾದಕ್ಕೆ ಕೋರ್ಟಿನಲ್ಲಿ ಅದೇ ಆಸರೆಯಾಗುತ್ತದೆ. ‘ಆಮೇಲೆ?’ ಎಂದರೆ ಸಾಕು.

ಮುಂದೆ, ಯಾವ ಮಗು ಬಂದರೂ ಬಾಯಿ ತೆರೆಯುವ ಮುಂಚೆ ಹೀಗೆ ಹೇಳಿ: ‘ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತೆ. ಆದರೆ ನಿನಗೆ ಅಪಾಯ ಇದ್ರೆ, ಯಾರಾದ್ರೂ ಮೈಮುಟ್ಟಿ ತೊಂದರೆ ಕೊಟ್ಟಿದ್ರೆ, ಬೇರೆಯವರಿಗೆ ಹೇಳಲೇಬೇಕಾಗುತ್ತೆ. ಮೊದಲು ನಿನಗೆ ತಿಳಿಸ್ತೀನಿ.’

ಪ್ರಶ್ನೆ: ಗುಡ್ಡ ಕುಸಿದ ಊರಿನ ಕಾಳಜಿ ಕೇಂದ್ರದಲ್ಲಿ ಸ್ವಯಂಸೇವಕ ನಾನು. ನಡೆದದ್ದನ್ನೆಲ್ಲ ಹೇಳಿಸಿದರೆ ಅವರ ಮನಸ್ಸು ಹಗುರಾಗುವುದಲ್ಲವೇ?
– ಓದುಗರು, ಮಡಿಕೇರಿ

ಉತ್ತರ: ಕೆದಕಬೇಡಿ. ದುರಂತವಾದ ಬೆನ್ನಲ್ಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಪದ್ಧತಿ ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಾನಸಿಕ ಪ್ರಥಮ ಚಿಕಿತ್ಸೆ ಕುರಿತ ಅದರ 2011ರ ಕೈಪಿಡಿಯ ಸೂತ್ರ: ನೋಡು, ಆಲಿಸು, ನೆರವಿಗೆ ಜೋಡಿಸು. ತಾವಾಗಿ ಹೇಳಿದರೆ ಆಲಿಸಿ. ನಡುವೆ ನೋಟ ಶೂನ್ಯವಾಗಿ, ಉಸಿರು ಮೇಲೆ ಮೇಲೆ ಬಂದು, ಉತ್ತರ ನಿಂತರೆ ವಿಷಯ ಅಲ್ಲಿಗೇ ಬಿಡಿ. ಪಾದ ನೆಲಕ್ಕೂರಲು ಹೇಳಿ, ಎದುರಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸಲು ಹೇಳಿ. ಕೇಳದೆ ಹೆಗಲ ಮೇಲೆ ಕೈಯಿಡಬೇಡಿ. ಆ ಹೊತ್ತಿಗೆ ಕಳೆದುಹೋದ ಆಧಾರ್ ಕಾರ್ಡು, ಬಿಪಿ ಮಾತ್ರೆ, ಕಾಣೆಯಾದವರ ಸುದ್ದಿಯೇ ಅವರಿಗೆ ದೊಡ್ಡದು. ಆ ಓಡಾಟ ನೀವು ಮಾಡಿ. ವಾರಗಳಾದರೂ ನಿದ್ದೆ ಬಾರದೆ ಬೆಚ್ಚಿಬೀಳುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಪ್ರಕರಣವನ್ನು ಹೆಸರು ಬದಲಿಸಿ ತರಬೇತಿಯಲ್ಲಿ ಹೇಳಬಹುದೇ?
– ಓದುಗರು, ಧಾರವಾಡ

ಉತ್ತರ: ಹೆಸರೊಂದೇ ಬದಲಿಸಿದರೆ ಸಾಲದು. ತಾಲ್ಲೂಕು, ಕೆಲಸ, ಮಕ್ಕಳೆಷ್ಟು ಎಂಬಷ್ಟರಲ್ಲೇ ಊರವರು ಗುರುತು ಹಿಡಿಯುತ್ತಾರೆ. ನಿಮ್ಮ ಬಳಿ ಇನ್ನೂ ಬರುತ್ತಿರುವವರ ಒಪ್ಪಿಗೆಯನ್ನು ನಂಬುವುದೂ ಕಷ್ಟ. ನಿಮ್ಮ ಮುಖ ನೋಡಿ ‘ಬೇಡ’ ಎನ್ನಲಾರರು. ನಾಲ್ಕಾರು ಪ್ರಕರಣಗಳಿಂದ ಹೊಸದೊಂದನ್ನು ಕಟ್ಟಿ, ಕಲ್ಪಿತವೆಂದು ಮೊದಲೇ ಹೇಳಿಬಿಡಿ.