ಜರ್ಮನಿಯ ಸಣ್ಣ ಪಕ್ಷಗಳಿಗೆ ಯುರೋಪಿಯನ್ ಸಂಸತ್ತಿನ ಸ್ಥಾನ
ಶೇ. 1ರಷ್ಟೂ ಮತ ಪಡೆಯದ ಜರ್ಮನಿಯ ಪಕ್ಷವೊಂದು ಯುರೋಪಿಯನ್ ಸಂಸತ್ತಿಗೆ ಹೇಗೆ ಆಯ್ಕೆಯಾಯಿತು ಎಂದು ಕೇಳಿದ್ದೀರಿ. ಈ ಚುನಾವಣೆಯಲ್ಲಿ ಸ್ಥಾನ ಪಡೆಯಲು ಅಲ್ಲಿ ಬೇಕಿದ್ದ ಶೇ. 5ರ ಕನಿಷ್ಠ ಮತಮಿತಿಯನ್ನು 2011ರಲ್ಲೂ, ಅನಂತರ ತಂದ ಶೇ. 3ರ ಮಿತಿಯನ್ನು 2014ರಲ್ಲೂ ಆ ದೇಶದ ಸಾಂವಿಧಾನಿಕ ನ್ಯಾಯಾಲಯವು ರದ್ದುಪಡಿಸಿತು. ಸರ್ಕಾರವೊಂದನ್ನು ನಿರಂತರ ಬಹುಮತದಿಂದ ಉಳಿಸಿಕೊಳ್ಳುವ ಹೊಣೆ ಜರ್ಮನಿಯ ಸಂಸತ್ತಿಗಿರುವಂತೆ ಯುರೋಪಿಯನ್ ಸಂಸತ್ತಿಗೆ ಇಲ್ಲದಿರುವುದರಿಂದ, ಸಣ್ಣ ಪಕ್ಷಗಳಿಗೆ ಬಿದ್ದ ಮತಗಳನ್ನು ವ್ಯರ್ಥಗೊಳಿಸಲು ಸಮರ್ಥ ಕಾರಣವಿಲ್ಲ ಎಂಬುದು ತೀರ್ಪಿನ ತಿರುಳು. ಮತದಾರರ ಸಮಾನತೆಯನ್ನು ಎತ್ತಿಹಿಡಿಯುವ ಈ ವಾದ ನನಗೆ ಸಂಪೂರ್ಣ ಒಪ್ಪಿಗೆಯಾಗಿದೆ. ಜರ್ಮನಿಯ ಪಾಲಿನ 96 ಸ್ಥಾನಗಳನ್ನು ರಾಷ್ಟ್ರಮಟ್ಟದ ಮತಗಳ ಅನುಪಾತದಲ್ಲಿ ಹಂಚುವುದರಿಂದ, 2024ರಲ್ಲಿ ಸುಮಾರು ಶೇ. 0.6 ಮತ ಪಡೆದ ಫ್ಯಾಮಿಲಿ ಪಕ್ಷಕ್ಕೂ ಒಂದು ಸ್ಥಾನ ದೊರೆಯಿತು. ಆದರೆ ಯುರೋಪಿಯನ್ ಒಕ್ಕೂಟದ 2018ರ ತೀರ್ಮಾನವನ್ನು ಎಲ್ಲ ಸದಸ್ಯ ದೇಶಗಳೂ ಅನುಮೋದಿಸಿ ಅದು ಜಾರಿಗೆ ಬಂದರೆ, ಜರ್ಮನಿಯು ಕನಿಷ್ಠ ಶೇ. 2ರ ಮಿತಿಯನ್ನು ಮತ್ತೆ ವಿಧಿಸಬೇಕಾಗುತ್ತದೆ.