ಅದು ಧಣಿಗಳ ದುಡ್ಡು, ಇದು ನನ್ನದು

ಕಳೆದ ಎರಡು ವರ್ಷದಲ್ಲಿ ಇಂಥವರು ನನ್ನ ಹತ್ತಿರ ವೃತ್ತಿ ಸಲಹೆಗೆ ಬರುವುದು ಜಾಸ್ತಿಯಾಗಿದೆ. ಯೂಟ್ಯೂಬ್ ನೋಡಿ ಕೋರೆಲ್ ಡ್ರಾ, ಫೋಟೋಶಾಪ್‌ನಲ್ಲಿ ಡಿಸೈನ್ ಮಾಡಲು ಕಲಿತವರು. ಕೆಲಸ ಗೊತ್ತುಂಟು, ಸರ್ಟಿಫಿಕೇಟ್ ಇಲ್ಲ. ಕೇಳುವುದು ಒಂದೇ, "ಯಾವ ಕೋರ್ಸಿಗೆ ಸೇರಬೇಕು?"

ಅಂಥವರಲ್ಲಿ ಒಬ್ಬರು ಇವರು, ಮಂಗಳೂರು-ಉಡುಪಿ ಮಧ್ಯೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ವಯಸ್ಸು 38. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಸೊಂಟನೋವು. ಇಡೀ ದಿನ ನಿಲ್ಲುವ ಕೆಲಸ ಬಿಡಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ, ಮಗಳು ಪಿಯುಸಿ. ಮಲ್ಟಿಮೀಡಿಯಾ ಡಿಪ್ಲೊಮಾಕ್ಕೆಂದು ಸೊಸೈಟಿಯಲ್ಲಿ ಸಾಲ ಮಾಡುವ ಯೋಚನೆಯಲ್ಲಿದ್ದರು.

ಸಾಲ ಆಮೇಲೆ, ಮೊದಲು ನೀವು ಮಾಡಿದ್ದನ್ನು ತೋರಿಸಿ ಎಂದೆ. ಮುಂದಿನ ಸಲ ಜವಳಿ ಅಂಗಡಿಯ ಚೀಲದ ತುಂಬ ತಂದರು. ಬ್ರಹ್ಮಕಲಶೋತ್ಸವದ ಆಮಂತ್ರಣ, ನೇಮದ (ಭೂತಾರಾಧನೆಯ) ಕಾಗದ, ಚೌತಿಯ ರಶೀದಿ ಪುಸ್ತಕ, ಯಕ್ಷಗಾನ ಬಯಲಾಟದ ಹ್ಯಾಂಡ್‌ಬಿಲ್. "ಇದೆಲ್ಲ ಸುಮ್ನೆ ಮಾಡಿದ್ದು ಮೇಡಂ."

ನನ್ನ ಮೇಜಿನ ಮೇಲೆ ಬೇರೆ ಯಾವುದೋ ದೇವಸ್ಥಾನದ ಆಮಂತ್ರಣ ಬಿದ್ದಿತ್ತು. ಎತ್ತಿ ನೋಡಿದವರೇ, "ಇದರಲ್ಲಿ ಜಗಳ ಆಗಿರ್ತದೆ" ಎಂದರು. ನನಗೆ ಏನೂ ಕಾಣಲಿಲ್ಲ. "ತಂತ್ರಿಗಳ ಹೆಸರಿನ ಮೇಲೆ ಶಾಸಕರ ಹೆಸರು ಉಂಟು. ಗುತ್ತಿನವರನ್ನು, ಊರಿನ ಹಿರಿಯ ಮನೆತನದವರನ್ನು, ದಾನಿಗಳ ಸಾಲಿಗೆ ಹಾಕಿದ್ದಾರೆ." ನಮ್ಮ ಕಡೆ ಆಮಂತ್ರಣ ಕೈಗೆ ಬಂದ ಕೂಡಲೇ ಜನ ನೋಡುವುದು ಕಾರ್ಯಕ್ರಮವನ್ನಲ್ಲ, ತಮ್ಮ ಹೆಸರು ಎಲ್ಲುಂಟು ಎಂದು. ಇದನ್ನು ಯಾವ ಡಿಪ್ಲೊಮಾ ಕಲಿಸುತ್ತದೆ?

"ಇಷ್ಟಕ್ಕೆಲ್ಲ ಎಷ್ಟು ತಗೊಂಡಿರಿ?"

"ಚಾ ಕುಡಿಸ್ತಾರೆ."

"ಹದಿನೈದು ವರ್ಷ ಬಸ್ಸಲ್ಲಿ ದುಡ್ಡು ಕೇಳಿದ್ದೀರಿ. ಚಿಲ್ಲರೆಗೂ ಬಿಟ್ಟವರಲ್ಲ. ಇಲ್ಲಿ ಎಂತ ನಾಚಿಕೆ?"

ಚೀಲದ ಹಿಡಿ ತಿರುಚುತ್ತಾ ಕೂತರು. "ಅದು ಧಣಿಗಳ ದುಡ್ಡು ಮೇಡಂ. ಇದು ನನ್ನದು. ನನಗೇ ಅಂತ ಹೇಗೆ ಕೇಳುವುದು? ಸರ್ಟಿಫಿಕೇಟ್ ಇದ್ದರೆ ಕೇಳಬಹುದು ಅಲ್ವಾ?"

"ಹಾಗಾದರೆ ನೀವು ಹುಡುಕುತ್ತಿರುವುದು ಕೋರ್ಸ್ ಅಲ್ಲ, ಇನ್ನೊಬ್ಬ ಧಣಿ" ಎಂದೆ. ನಕ್ಕರು. ಆವತ್ತಿನ ಉಳಿದ ಹೊತ್ತೆಲ್ಲ ದುಡ್ಡು ಕೇಳುವ ಅಭ್ಯಾಸವೇ ಆಯಿತು. ನಾನು ದೇವಸ್ಥಾನದ ಸಮಿತಿಯ ಅಧ್ಯಕ್ಷೆ, ಅವರು ಡಿಸೈನರ್. ಮೂರು ಸಲವೂ ಸೋತರು.

ಡಿಪ್ಲೊಮಾ ಬೇಡ, ಸಾಲ ಬೇಡ ಎಂದು ನೇರವಾಗಿ ಹೇಳಿದೆ. ದಿನ ಬಿಟ್ಟು ದಿನ ಡ್ಯೂಟಿ ಕೇಳಿ, ಉಳಿದ ದಿನ ಯಾವುದಾದರೂ ಪ್ರೆಸ್ಸಿನಲ್ಲಿ ಕೂತುಕೊಳ್ಳಿ ಎಂದೆ. ಪರದೆಯಲ್ಲಿ ಹೊಳೆಯುವ ಬಣ್ಣ ಅಚ್ಚಿನ ನಾಲ್ಕು ಶಾಯಿಯಲ್ಲಿ ಮಂಕಾಗುತ್ತದೆ. ಅಂಚಿನ ಬಣ್ಣವನ್ನು ಸುತ್ತ 3 ಮಿ.ಮೀ. ಹೊರಗೆ ಚಾಚದಿದ್ದರೆ ಕಟ್ಟಿಂಗ್‌ನಲ್ಲಿ ಬಿಳಿ ಅಂಚು ಉಳಿಯುತ್ತದೆ. ನುಡಿ ಎಂಬ ಕನ್ನಡ ಫಾಂಟಿನ ಅಕ್ಷರಗಳನ್ನು ಕರ್ವ್ ಮಾಡದೆ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸದೆ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಮನೆಯಲ್ಲಿ ಒಬ್ಬರೇ ಕಲಿತವರು ಎಡವುವುದು ಇಂಥಲ್ಲೇ. ಲೆಕ್ಕಪತ್ರ ಕಲಿಯಲು ಉಜಿರೆಯ ರುಡ್‌ಸೆಟ್‌ನಲ್ಲಿ ವಿಚಾರಿಸಿ ಎಂದೂ ಹೇಳಿದೆ. 1982ರಿಂದ ಅಲ್ಲಿ ಸ್ವಉದ್ಯೋಗದ ತರಬೇತಿ ಊಟ, ವಸತಿ ಸಹಿತ ಉಚಿತ. ಇನ್ನೊಂದು ಲೆಕ್ಕವೂ ಇತ್ತು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ನೇಮ, ಬಯಲಾಟ ನಿಲ್ಲುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ. ಆಗ ಕಾಗದದ ಕೆಲಸವೂ ಕಡಿಮೆ. ಮೂರು ತಿಂಗಳ ಮನೆಖರ್ಚು ಕೈಯಲ್ಲಿಲ್ಲದೆ ಬಸ್ಸು ಪೂರ್ತಿ ಬಿಡಬೇಡಿ ಎಂದೆ.

ಕಲಿಯಲು ಹೊರಟವರನ್ನು ತಡೆದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೆಂಗಳೂರಿನ ಕಂಪನಿ ಸೇರುವ ಆಸೆಯ 22ರ ಹುಡುಗನಾದರೆ ನಾನೂ ಬೇರೆ ಹೇಳುತ್ತಿದ್ದೆನೋ ಏನೋ. ಆದರೆ ಕ್ಯಾನ್ವಾ ಎಂಬ ಆ್ಯಪ್‌ನಲ್ಲಿ ಫೋನಿನಲ್ಲೇ ಕಾಗದ ತಯಾರಾಗುವ ಕಾಲ ಇದು. ಚಂದ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಯಾರ ಹೆಸರು ಎಲ್ಲಿ ಬರಬೇಕೆಂದು ಗೊತ್ತಿರುವವರು ಎಷ್ಟು ಜನ? ಆ ತಿಳುವಳಿಕೆ ಇವರಿಗೆ ಆಗಲೇ ಇತ್ತು. ಅದಕ್ಕೆ ಇವರೇ ಬೆಲೆ ಕಟ್ಟಿರಲಿಲ್ಲ. ಅದಕ್ಕಾಗಿ ಸಾಲ ಮಾಡಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಹೋದ ತಿಂಗಳು ಬಂದಿದ್ದರು. ಇನ್ನೂ ದಿನ ಬಿಟ್ಟು ದಿನ ಬಸ್ಸಿಗೆ ಹೋಗುತ್ತಾರೆ. ಮೇಜಿನ ಮೇಲೆ ಒಂದು ಅಚ್ಚಾದ ರೇಟ್ ಪಟ್ಟಿ ಇಟ್ಟರು. ಅರ್ಧ ದುಡ್ಡು ಮುಂಗಡ ಎಂದು ದಪ್ಪ ಅಕ್ಷರದಲ್ಲಿತ್ತು. ಮೊದಲ ಬಿಲ್ ಧಣಿಗಳಿಗೇ, ಹೊಸ ಬಸ್ಸಿನ ಹೆಸರಿನ ಸ್ಟಿಕ್ಕರ್ ಡಿಸೈನಿಗೆ.

"ಕೇಳಿದಷ್ಟು ಕೊಟ್ಟರಾ?"

"ಕೊಟ್ಟರು ಮೇಡಂ. ನಾನೇ ಇನ್ನೂರು ಬಿಟ್ಟೆ."