ಗಂಟಲು ನೋವಿಲ್ಲದಿದ್ದರೂ ಗೊನೊರಿಯಾ ಪರೀಕ್ಷೆ ಏಕೆ?
ಮೂತ್ರ ಪರೀಕ್ಷೆ ಸಾಲದೇ, ಗಂಟಲಿನ ಸ್ವ್ಯಾಬ್ ಏಕೆ ಎಂದು ಕೇಳಿದ್ದೀರಿ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಗಂಟಲಿನಲ್ಲಿದ್ದರೆ ಬಹುಪಾಲು ಲಕ್ಷಣಗಳೇ ಇರುವುದಿಲ್ಲ, ಮೂತ್ರದಲ್ಲಿ ಅದು ಸಿಗುವುದೂ ಇಲ್ಲ. ನನಗೆ ಹೆಚ್ಚು ಆತಂಕ ಬೇರೆಯದು. ಗಂಟಲಿನಲ್ಲಿ ಗೊನೊರಿಯಾ ಬ್ಯಾಕ್ಟೀರಿಯಾದ ನಿರುಪದ್ರವಿ ಬಂಧುಗಳಾದ ನೈಸೀರಿಯಾ ಪ್ರಭೇದಗಳೂ ವಾಸಿಸುತ್ತವೆ. ಅವುಗಳಿಂದ ಹೊರಬಿದ್ದ ಡಿಎನ್‌ಎ ತುಣುಕುಗಳನ್ನು ಗೊನೊಕಾಕಸ್ (ಗೊನೊರಿಯಾ ತರುವ ಬ್ಯಾಕ್ಟೀರಿಯಾ) ಕೂದಲಿನಂಥ ತನ್ನ ಪಿಲಿಗಳ ನೆರವಿನಿಂದ ಒಳಗೆಳೆದುಕೊಳ್ಳುತ್ತದೆ. ತುಣುಕಿನಲ್ಲಿ 10 ಡಿಎನ್‌ಎ ಅಕ್ಷರಗಳ ಗುರುತಿನ ಸರಣಿಯಿದ್ದರೆ ಇನ್ನೂ ಸಲೀಸು. ಹೀಗೆ ಪೆನ್‌ಎ ಜೀನ್ ಬೆರಕೆಯಾದರೆ, ಅದರಿಂದಾಗುವ ಪ್ರೋಟೀನಿಗೆ ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಅಷ್ಟಾಗಿ ನಾಟುವುದಿಲ್ಲ. ಕೆಲವು ತಳಿಗಳಲ್ಲಿ ಸೆಫ್ಟ್ರಿಯಾಕ್ಸೋನ್ ಕೂಡ. ಕೊಡುಕೊಳ್ಳುವಿಕೆ ವಿರುದ್ಧ ದಿಕ್ಕಿನಲ್ಲೂ ನಡೆದಿದೆ: ಗೊನೊಕಾಕಸ್‌ನ ಜೀನ್ ಪಡೆದ ಮೆನಿಂಗೊಕಾಕಸ್ (ಮಿದುಳು ಪೊರೆಯ ಉರಿಯೂತ ತರಬಲ್ಲ ಅದರ ಬಂಧು) ತಳಿಯೊಂದು ಅಮೆರಿಕದಲ್ಲಿ ಮೂತ್ರನಾಳದ ಸೋಂಕು ಹರಡಿತು.

ಚಿಕಿತ್ಸೆ ಮುಗಿದು 7–14 ದಿನಕ್ಕೆ ಗಂಟಲನ್ನು ಮತ್ತೆ ಪರೀಕ್ಷಿಸಿ. ಬೇಗ ಮಾಡಿಸಿದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯಿಂದಲೂ ಪಾಸಿಟಿವ್ ಬರಬಹುದು. ಆಮೇಲೂ ಪಾಸಿಟಿವ್ ಇದ್ದರೆ ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕೇಳಿ. ಯಾವ ಔಷಧ ನಾಟುತ್ತದೆಂದು ತಿಳಿಯುವುದು ಅದರಿಂದಲೇ.